ಅಕ್ಕನ ಕಾಲು ಹಿಡಿದವಳು

ನನ್ನ ಅಕ್ಕನಿಗೆ ಹುಟ್ಟಿನಿಂದಲೇ ಕುತ್ತಿಗೆ ಗಿಡ್ಡ. ತಲೆ ನೇರ ಭುಜದ ಮೇಲೆ ಕೂತಂತೆ ಕಾಣುತ್ತಿತ್ತು, ಅತ್ತಿತ್ತ ತಿರುಗುತ್ತಿರಲಿಲ್ಲ. ಎಡಗಿವಿ ಪೂರ್ತಿ ಕಿವುಡು. ಬಲಗಿವಿಗೆ ಹತ್ತಿರ ನಿಂತು ಗಟ್ಟಿಯಾಗಿ ಹೇಳಿದರೆ ಕೇಳುತ್ತಿತ್ತು. ಎಡಗಣ್ಣು ಹೊರಕ್ಕೆ ಹೊರಳುತ್ತಿರಲಿಲ್ಲ. ಅವಳು ಬಲಕ್ಕೆ ನೋಡಿದರೆ ಅದು ಒಳಕ್ಕೆ ಸರಿದು ರೆಪ್ಪೆ ಕಿರಿದಾಗುತ್ತಿತ್ತು. ನೋಡಿದವರಿಗೆ ಕಣ್ಣು ಹೊಡೆದ ಹಾಗೆ. ಅವಳು ತಿಂದ ಪೆಟ್ಟಿನಲ್ಲಿ ಅರ್ಧ ಈ ಕಣ್ಣಿನದು.

ಮೊದಲ ಪೆಟ್ಟು ಶಾಲೆಯಲ್ಲಿ ಬಿತ್ತು. ಮೇಷ್ಟ್ರು ಅವಳ ಬಲಬದಿಗೆ ದೂರದಲ್ಲಿ ನಿಂತು ಮಗ್ಗಿ ಕೇಳಿದರಂತೆ. ಅವಳಿಗೆ ಕೇಳಿಸಲಿಲ್ಲ, ಕಣ್ಣೆತ್ತಿ ಅವರತ್ತ ನೋಡಿದಳು. ಮಕ್ಕಳು ನಕ್ಕರು. ಮೇಷ್ಟ್ರ ಬೆತ್ತ ಅವಳ ಬೆನ್ನಿನ ಮೇಲೆ ಮುರಿಯಿತು. ಆಮೇಲೆ ಕೈಯಲ್ಲೇ ಹೊಡೆದರು, ಆ ಇದ್ದೊಂದು ಕಿವಿಗೆ. ತೆಕ್ಕಟ್ಟೆಯ ರಸ್ತೆಯುದ್ದಕ್ಕೂ ರಕ್ತ ಒರೆಸಿಕೊಳ್ಳುತ್ತ ಮನೆಗೆ ಬಂದವಳು ಮತ್ತೆ ಶಾಲೆಗೆ ಹೋಗಲಿಲ್ಲ.

ಅವಳಿಗೆ ಹದಿನೈದು, ನನಗೆ ಹತ್ತು ಆಗಿದ್ದಾಗ ಅಂಗಡಿಯವನೊಬ್ಬ ಅಪ್ಪಯ್ಯನಿಗೆ ದೂರು ಹೇಳಿದ. ನಿಮ್ಮ ಮಗಳು ದಾರಿಯಲ್ಲಿ ಗಂಡಸರಿಗೆ ಕಣ್ಣು ಹೊಡೆಯುತ್ತಾಳೆ ಅಂದನಂತೆ. ಅಪ್ಪಯ್ಯ ಎತ್ತಿಗೆ ಹೊಡೆಯುವ ಬಾರುಕೋಲು ತಂದು ಅಂಗಳದಲ್ಲೇ ಬಾರಿಸಿದರು. ಯಾಕೆಂದು ಅವಳಿಗೆ ಗೊತ್ತಿಲ್ಲ. ಪೆಟ್ಟು ಯಾವ ಕಡೆಯಿಂದ ಬರುತ್ತದೆಂದು ತಿರುಗಿ ನೋಡಲೂ ಆಗದೆ ಇಡೀ ಮೈಯನ್ನೇ ಸುತ್ತ ತಿರುಗಿಸುತ್ತಿದ್ದಳು. ನೆರೆಯವರು ಬೇಲಿಯಾಚೆ ನಿಂತು ನೋಡಿದರು.

ಹೊಡೆದು ಪ್ರಯೋಜನವಾಗಲಿಲ್ಲವೆಂದೋ ಏನೋ, ಅಪ್ಪಯ್ಯ ಶಂಕರನಾರಾಯಣ ಊರಿನ ಕಡೆಯಿಂದ ಉಳುಕು ತೆಗೆಯುವವನನ್ನು ಕರೆತಂದರು. ಕುತ್ತಿಗೆ ಒಳಗೆ ಹೂತಿದೆ, ಎಳೆದು ತಿರುಗಿಸಿದರೆ ಕಣ್ಣೂ ಕಿವಿಯೂ ಸರಿಯಾಗುತ್ತವೆ ಎಂದು ಅವನು ಹೇಳಿದ. ಅಕ್ಕನನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿದರು. ಅಪ್ಪಯ್ಯ ಎರಡೂ ತೋಳು ಒತ್ತಿ ಹಿಡಿದರು. ಕಾಲು ಹಿಡಿಯಲು ನನಗೆ ಹೇಳಿದರು. ನಾನು ಹಿಡಿದೆ.

ಅವನು ಗದ್ದಕ್ಕೆ ಕೈ ಹಾಕಿ ತಿರುಚಿದ. ಅಕ್ಕ ಕಿರುಚಿದಳು. ಎರಡನೇ ಸಲ ತಿರುಚಿದಾಗ ಒಳಗೆ ಏನೋ ಲಟಕ್ಕೆಂದಿತು. ನನ್ನ ಕೈಯೊಳಗಿನ ಅವಳ ಕಾಲು ಒಮ್ಮೆಲೇ ಸೆಟೆದು ಸಡಿಲವಾಯಿತು. ಆದರೂ ನಾನು ಬಿಡಲಿಲ್ಲ. ಅವಳು ಅವನ ಹೆಬ್ಬೆರಳಿಗೆ ಬಾಯಿ ಹಾಕಿ ಎಲುಬಿನವರೆಗೆ ಕಚ್ಚಿದಳು. ಅವನು ಇನ್ನೊಂದು ಕೈಯಿಂದ ಅವಳ ಮುಖಕ್ಕೆ ಗುದ್ದತೊಡಗಿದ.

ನಮ್ಮನ್ನು ಹೆತ್ತ ಅಬ್ಬಿ ಅಡುಗೆಮನೆಯಿಂದ ಕತ್ತಿ ಹಿಡಿದು ಬಂದರು. "ಕೈ ಬಿಡಿ. ಇಲ್ದಿರೆ ಕಡಿತೆ" ಅಂದರು. ಅವನು ಬಿಡಲಿಲ್ಲ. ಅಬ್ಬಿ ನಿಜಕ್ಕೂ ಕಡಿದರು. ಅವನ ಮುಂಗೈಯ ಮಾಂಸ ತೆರೆದುಕೊಂಡು ಚಾಪೆ ಕೆಂಪಾಯಿತು. ಅವನು ಕೂಗುತ್ತ ಗದ್ದೆಯ ಅಂಚಿನಲ್ಲಿ ಓಡಿದ. ಅಪ್ಪಯ್ಯ ಅಬ್ಬಿಯ ಮೇಲೆ ಕೈಯೆತ್ತಿದರು. ಕತ್ತಿ ಕೆಳಗಿಳಿಯಲಿಲ್ಲ.

"ನೀವೂ ಅಷ್ಟೇ. ಇನ್ ಅವ್ಳನ್ನ ಮುಟ್ಟೂಕಾಗ."

ಮರುದಿನ ಅಬ್ಬಿ ಅಕ್ಕನನ್ನು ಕುಂದಾಪುರದ ಡಾಕ್ಟರರ ಹತ್ತಿರ ಕರೆದೊಯ್ದರು. ಎಕ್ಸ್‌ರೇ ನೋಡಿದ ಡಾಕ್ಟರರು, ಕುತ್ತಿಗೆಯ ಎಲುಬುಗಳು ಹುಟ್ಟುವ ಮೊದಲೇ ಒಂದಕ್ಕೊಂದು ಅಂಟಿಕೊಂಡಿವೆ, ಕಣ್ಣು ಕಿವಿಯ ತೊಂದರೆಯೂ ಅದರ ಜೊತೆಗೇ ಬಂದದ್ದು ಅಂದರು. ಇನ್ನೊಂದು ಸಲ ತಿರುಚಿದ್ದರೆ ಅಲ್ಲೇ ಸಾಯುತ್ತಿದ್ದಳಂತೆ. ಅಪ್ಪಯ್ಯ ಆ ಎಕ್ಸ್‌ರೇಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಮತ್ತೆ ಅವಳಿಗೆ ಹೊಡೆಯಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ. ಅಂದು ಮರಗಟ್ಟಿದ ಅಕ್ಕನ ಬಲಗೈಯ ಎರಡು ಬೆರಳು ಹಾಗೆಯೇ ಉಳಿದವು.

ಅವಳು ಮುಂದೆ ಕುಂದಾಪುರದ ಹಂಚಿನ ಕಾರ್ಖಾನೆಗೆ ಸೇರಿದಳು. ಯಂತ್ರದ ಸದ್ದಿನಲ್ಲಿ ಅಲ್ಲಿ ಯಾರಿಗೂ ಏನೂ ಕೇಳುತ್ತಿರಲಿಲ್ಲ. ಎಲ್ಲರೂ ಅವಳಂತೆ ತುಟಿ ನೋಡಿಯೇ ಮಾತಾಡುತ್ತಿದ್ದರು.

ನನ್ನ ಮದುವೆ ಗೊತ್ತಾದಾಗ ಅವಳ ಕೋಣೆಗೆ ಹೋಗಿ, ಆ ದಿನ ಕಾಲು ಹಿಡಿದವಳು ನಾನು ಎಂದು ಹೇಳಿದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ. ಮಲಗಿದ್ದವಳು ತಲೆಯೆತ್ತಿ ಕಾಲಿನ ಕಡೆ ನೋಡುವುದಾದರೂ ಹೇಗೆ?

"ನೀನಾ?" ಅಂದಳು.

ಆಮೇಲೆ ಕೆನ್ನೆಗೆ ಹೊಡೆದಳು, ಎರಡು ಸಲ. ನನ್ನ ತುಟಿ ಒಡೆಯಿತು. ನಾನು ಕದಲಲಿಲ್ಲ. ಅವಳು ನನ್ನನ್ನು ಅಲ್ಲೇ ಬಿಟ್ಟು ಕೆಲಸಕ್ಕೆ ಹೋದಳು.

ಮದುವೆಗೂ ಬರಲಿಲ್ಲ. ಎರಡು ವರ್ಷದ ಮೇಲೆ ನನಗೆ ಮಗಳು ಹುಟ್ಟಿದಾಗ ಬ್ರಹ್ಮಾವರದಲ್ಲಿ ಬಸ್ಸಿಳಿದು ನನ್ನ ಗಂಡನ ಮನೆಗೆ ಒಬ್ಬಳೇ ನಡೆದು ಬಂದಳು. ನನ್ನೊಡನೆ ಮಾತಾಡದೆ ಮಗುವಿನ ಕಿವಿಯ ಬಳಿ ಜೋರಾಗಿ ಚಪ್ಪಾಳೆ ತಟ್ಟಿದಳು. ಕೂಸು ಬೆಚ್ಚಿಬಿದ್ದು ಬಾಯಿ ತೆರೆದು ಅತ್ತಿತು. ಅಕ್ಕ ಆ ಬಾಯಿಯನ್ನೇ ನೋಡುತ್ತ ನಕ್ಕಳು. ಮೂರು ದಿನ ನಮ್ಮಲ್ಲೇ ಇದ್ದಳು.