ಸಮುದ್ರಕ್ಕೆ ಗೇಟು ಹುಡುಕಿದ ಗುರುಪಾದಣ್ಣ

ಜಮಖಂಡಿಯ ಕಾಯಿಪಲ್ಲೆ ಸಂತೆಯಲ್ಲಿ, ಏಪ್ರಿಲ್ ತಿಂಗಳ ರಣಬಿಸಿಲಿನಲ್ಲಿ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು ಬದನೆಕಾಯಿ ಆರಿಸುತ್ತಿದ್ದ ಮನುಷ್ಯನನ್ನು ನೀವು ಕಂಡಿದ್ದರೆ, ಅವರೇ ನಮ್ಮ ಗುರುಪಾದಣ್ಣ. ನಮ್ಮೂರಿನಿಂದ ಸಮುದ್ರಕ್ಕೆ ಒಂದು ಹಗಲಿನ ಹಾದಿ. ನಡುವೆ ಸಹ್ಯಾದ್ರಿ ಬೇರೆ ಅಡ್ಡ ಬರುತ್ತದೆ. ಆದರೂ ಅಪಾಯ ಯಾವ ದಿಕ್ಕಿನಿಂದ ಬಂದೀತೆಂದು ಹೇಳಲಾಗದು ಎಂಬುದು ಅವರ ಧೋರಣೆ.

ಬದನೆಕಾಯಿ ಮಾರುವ ಮುದುಕಿ ಕೇಳಿಯೇಬಿಟ್ಟಳು: "ಸಾಹೇಬ್ರ, ಡ್ಯಾಮ್ ಏನರ ಒಡದೈತೇನ್ರೀ? ಒಡದಿದ್ರ ನಮಗೂ ಹೇಳ್ರಿ, ಬುಟ್ಟಿ ಹೊತಗೊಂಡು ಓಡ್ತೀವಿ."

"ಮೈಗೆ ರೂಢಿ ಮಾಡಾಕತ್ತೇನವ್ವಾ," ಎಂದರು ಗುರುಪಾದಣ್ಣ, ಹಣೆಯ ಬೆವರು ಒರೆಸಿಕೊಳ್ಳುತ್ತ. "ನೀ ತೂಕಾ ಮಾಡು. ಹುಳಕ ಹಾಕಬ್ಯಾಡ."

ಅವರು ನೀರಾವರಿ ಇಲಾಖೆಯಲ್ಲಿ ಕಾಲುವೆ ನೋಡಿಕೊಳ್ಳುವ ಎಂಜಿನಿಯರಾಗಿದ್ದು ನಿವೃತ್ತರಾದವರು. ನಾನು ಪಕ್ಕದ ಮನೆಯವನು, ಸಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಜಗತ್ತಿನಲ್ಲಿ ಭೂಮಿಗಿಂತ ನೀರೇ ಹೆಚ್ಚು ಎಂದು ನಾನು ಮಕ್ಕಳಿಗೆ ಹೇಳಿದ್ದೆ. ಆ ನೀರೆಲ್ಲ ಯಾವುದೋ ಒಂದು ಸಬ್‌ಡಿವಿಜನ್ನಿಗೆ ಸೇರಿರಲೇಬೇಕು ಎಂದು ಗುರುಪಾದಣ್ಣ ನಂಬಿದ್ದರು. "ನೀರು ತಾನಾಗೇ ಎಲ್ಲೂ ಹೋಗೂದಿಲ್ಲ ಮಾಸ್ತರ. ಒಬ್ಬ ಗೇಟ್ ಬಿಟ್ಟರ ಬರತೈತಿ, ಒಬ್ಬ ಹಾಕಿದ್ರ ನಿಂದರತೈತಿ. ಗೇಟ್ ಕಾಣದಿದ್ರ ಗೇಟ್ ಇಲ್ಲಂತ ಅಲ್ಲ, ನಾವು ಹುಡುಕಿಲ್ಲಂತ." ಇದು ಅವರ ವೇದಾಂತ. ಮಳೆಯ ಬಗ್ಗೆ ಮಾತ್ರ ಅವರು ಅಭಿಪ್ರಾಯ ಕೊಡುತ್ತಿರಲಿಲ್ಲ. ಅದು ಬೇರೆ ಇಲಾಖೆ.

ನೌಕರಿಯುದ್ದಕ್ಕೂ ಅವರು ಬೀಳಗಿ ಕಡೆಯ ಕಾಲುವೆ ಕ್ಯಾಂಪುಗಳಲ್ಲಿ, ಅವರ ಹೆಂಡತಿ ನೀಲವ್ವ ವೈನಿ ಜಮಖಂಡಿಯಲ್ಲಿ. ಐತವಾರ ಒಗೆಯುವ ಅರಿವೆಯ ಗಂಟು ಹಿಡಿದು ಬರುವುದು, ಸೋಮವಾರ ರೊಟ್ಟಿಯ ಗಂಟು ಹಿಡಿದು ಹೋಗುವುದು. ಹೀಗೆ ಆ ಸಂಸಾರ ಬಹಳ ಸುಖವಾಗಿ ನಡೆದಿತ್ತು. ನಿವೃತ್ತಿಯಾದ ಮೇಲೆ ವೈನಿಗೆ ಗಂಡ ಸಿಕ್ಕರು; ಸಿಕ್ಕದ್ದು ತುಸು ಹೆಚ್ಚೇ ಆಯಿತು. "ಇಷ್ಟ ವರ್ಷ ಬೀಗರಂಗ ಬಂದು ಹೋಗತಿದ್ರು, ಛಲೋ ಇತ್ತು ಮಾಸ್ತರ್ರ," ಎಂದು ಅವರು ಗೋಡೆಯ ಮೇಲಿಂದ ನನ್ನ ಹೆಂಡತಿಗೂ ನನಗೂ ಒಟ್ಟಿಗೆ ದೂರು ಕೊಡುತ್ತಿದ್ದರು. "ಈಗ ದಿನಾ ಮನ್ಯಾಗ ಅದಾರ್ರೀ." ನಳಕ್ಕೆ ನೀರು ಬರುವ ದಿನ ಗುರುಪಾದಣ್ಣ ಗಡಿಯಾರ ಹಿಡಿದು ನಳದ ಮುಂದೆ ನಿಲ್ಲುವರು. ಯಾವ ಕೊಡ ಮೊದಲು ಇಡಬೇಕು ಎಂಬುದಕ್ಕೂ ಆದೇಶ. ಮಾತಿಗೆ ಮಾತು ಬೆಳೆದರೆ ವೈನಿ ಚೀಲ ತೆಗೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋಗಿ ಮುಧೋಳದ ಬಸ್ಸು ಹತ್ತುವರು. ಅಲ್ಲಿ ಅವರ ಅಕ್ಕನ ಮನೆ. ಮೊದಮೊದಲು ಒಂದು ಸಂಜೆಗೆ ತಿರುಗಿ ಬರುತ್ತಿದ್ದವರು ಆಮೇಲೆ ವಾರಗಟ್ಟಲೆ ಉಳಿಯತೊಡಗಿದರು. ಮುಂದಿನ ಸಲ ಹೋದರೆ ತಿರುಗಿ ಬರುವುದುಂಟೋ ಇಲ್ಲವೋ ಎಂದು ಓಣಿ ಚರ್ಚಿಸತೊಡಗಿತ್ತು.

ಅಂಥ ಒಂದು ವನವಾಸದ ದಿನಗಳಲ್ಲಿ, ಒಬ್ಬರೇ ಕೂತು ಅವಲಕ್ಕಿ ತಿನ್ನುತ್ತ, ಗುರುಪಾದಣ್ಣ ಮೊಬೈಲಿನಲ್ಲಿ ಯಾವುದೋ ವಿದೇಶಿ ದಂಪತಿಗಳನ್ನು ಕಂಡರು. ಗಂಡಹೆಂಡಿರಿಬ್ಬರೇ ಹಾಯಿದೋಣಿಯಲ್ಲಿ. ಕೆಳಗೆ ಬೆಚ್ಚಗಿನ ತಿಳಿನೀರು, ಮೊಣಕಾಲುದ್ದ, ತಳದ ಉಸುಕು ಎಣಿಸಬಹುದು. ಹೆಂಡತಿ ನಗುತ್ತಿದ್ದಾಳೆ. ಸುತ್ತಮುತ್ತ ಎಲ್ಲಿಯೂ ಬಸ್ಸಿಲ್ಲ.

"ಮಾಸ್ತರ, ಇದ ನೋಡು ಜಾಗಾ!" ಎಂದು ಮೊಬೈಲು ಹಿಡಿದುಕೊಂಡೇ ನಮ್ಮ ಮನೆಗೆ ಓಡಿಬಂದರು.

"ಮುಳುಗಿದ್ರ?" ಎಂದೆ.

"ಮುಳುಗೂದೇನು? ನೀರು ಮೊಣಕಾಲುದ್ದ ಐತಿ. ಮುಳುಗಿದ್ರ ಎದ್ದು ನಿಂತ್ರಾತು."

ನೌಕಾಯಾನದ ಇತಿಹಾಸದಲ್ಲಿ ಇಷ್ಟು ಸರಳವಾದ ಸುರಕ್ಷತಾ ಸೂತ್ರವನ್ನು ಯಾರೂ ಮಂಡಿಸಿರಲಿಕ್ಕಿಲ್ಲ.

ವೈನಿ ಒಪ್ಪಿದ್ದು ಇಡೀ ಓಣಿಗೆ ಆಶ್ಚರ್ಯ. ಒಪ್ಪಿದ್ದು ಒಂದು ಕರಾರಿನ ಮೇಲೆ, ಅದೂ ನನ್ನೆದುರು, ಸಾಕ್ಷಿ ಇರಲಿ ಎಂದು: "ಒಂದ ಸರ್ತಿ ಬರತೇನಿ. ನಡುವ ಎಲ್ಲೆರ ಸಿಕ್ಕೊಂಡು ನಿಂತ್ರ ನಾ ಇಳದು ಬಸ್ ಹತ್ತಾಕಿ, ಸೀದಾ ಮುಧೋಳಕ್ಕ. ಆಮ್ಯಾಲ ಕರಿಯಾಕ ಬರಬಾರದು. ಮಾಸ್ತರ್ರ, ಕೇಳಿದಿರಿಲ್ಲೋ?" ಕೇಳಿದೆ ಎಂದೆ. ಗುರುಪಾದಣ್ಣ ನಕ್ಕರು, ಆದರೆ ಆ ನಗೆ ಗಂಟಲಿನಿಂದ ಕೆಳಗಿಳಿದಿರಲಿಲ್ಲ.

ದೋಣಿ ಗೋವಾದ ಕಡೆಯಿಂದ ಬಂತು, ಯಾರೋ ಬಳಸಿ ಬಿಟ್ಟದ್ದು, ಮುಧೋಳ ನಾಯಿಯಂತೆ ಹೊಟ್ಟೆ ಬೆನ್ನಿಗೆ ಹತ್ತಿದ್ದು. ಅದರ ಹಾಯಿ ಹರಿದುಹೋಗಿತ್ತು. ಹಾಯಿ ಎಂದರೇನು, ಅರಿವೆಯಲ್ಲವೇ? ಅರಿವೆ ಎಂದರೆ ಬನಹಟ್ಟಿಯಲ್ಲವೇ? ಗುರುಪಾದಣ್ಣ ಬನಹಟ್ಟಿಯ ಪರಿಚಯದ ನೇಕಾರರೊಬ್ಬರ ಮಗ್ಗದ ಮುಂದೆ ಕೂತು ದಪ್ಪನೆಯ ಹತ್ತಿ ಬಟ್ಟೆ ನೇಯಿಸಿದರು. ನೋಡಿದರೆ ಅದಕ್ಕೆ ಎರಡೂ ಬದಿಗೆ ಕೆಂಪು ದಡಿ, ತುದಿಗೆ ಭರ್ಜರಿ ಸೆರಗು.

"ಇದೇನ್ರಿ, ಸೀರಿ ಆತಲ್ಲ!" ಎಂದು ನಾನು ಬಾಯಿಬಿಟ್ಟೆ.

ನೇಕಾರ ತಲೆ ಎತ್ತದೆ ಹೇಳಿದರು: "ದಡಿ ಇಲ್ಲದ್ದು ಅರಿವಿ ಅಲ್ರೀ, ಅದು ಪಟ್ಟಿ. ದವಾಖಾನಿಗೆ ಕೊಡೂದು. ನೀವು ಗಾಳಿಗೆ ಉಡಸ್ತೀರಿ, ಗಾಳಿಗೂ ಒಂದು ಮರ್ಯಾದಿ ಬ್ಯಾಡೇನು?"

ಹೀಗೆ ಅರಬ್ಬೀ ಸಮುದ್ರ ಮೊದಲ ಬಾರಿಗೆ ಸೆರಗು ಹೊದ್ದ ದೋಣಿಯೊಂದನ್ನು ಕಾಣುವ ಯೋಗ ಕೂಡಿಬಂತು.

ತಾಲೀಮು ನಡೆದದ್ದು ಅನಗವಾಡಿಯ ಕೃಷ್ಣಾ ಹಿನ್ನೀರಿನಲ್ಲಿ. ನಾನೂ ಹೋಗಿದ್ದೆ, ಇಂಥ ದೃಶ್ಯ ತಪ್ಪಿಸಿಕೊಳ್ಳುವಷ್ಟು ವೈರಾಗ್ಯ ನನಗಿನ್ನೂ ಬಂದಿಲ್ಲ. ಗಾಳಿ ಹಿಡಿಯಿತು, ಸೆರಗು ಹಾರಿತು, ದೋಣಿ ಗಂಭೀರವಾಗಿ ಮುಂದೆ ಹೋಗಿ ನೀರಿನ ನಟ್ಟನಡುವೆ ಧಡಕ್ಕನೆ ನಿಂತಿತು. ಯಾರದೋ ಮುಳುಗಿದ ಹೊಲದ ಬದುವಿಗೆ ಹತ್ತಿಕೊಂಡಿತ್ತು. ದಂಡೆಯಲ್ಲಿ ಕುರಿ ಕಾಯುತ್ತಿದ್ದ, ಹಣೆತುಂಬ ಬೀರಪ್ಪನ ಭಂಡಾರದ ಅರಿಸಿನ ಬಡಿದುಕೊಂಡಿದ್ದ ಹಿರಿಯರೊಬ್ಬರು ಕೂಗಿದರು: "ಸಾಹೇಬ್ರ, ನಮ್ಮ ಹೊಲದಾಗ ಯಾಕ ನಿಂತೀರಿ?"

"ಹೊಲ ಎಲ್ಲೈತಪಾ? ನೀರ ಐತಲ್ಲ!"

"ಮುಳುಗಿದ್ರೂ ನಮ್ಮದ ಹೊಲಾರೀ. ಚಳಿಗಾಲಕ್ಕ ನೀರು ಇಳೀತಂದ್ರ ಕಡ್ಲಿ ಬಿತ್ತತೀವಿ. ಅಲ್ಲೀತನಕ ನಿಂದರವ್ರಿದ್ರ ನಿಂದರ್ರಿ, ಬೆದರಿಕಿ ಮಾಡಿ ನಿಲ್ಲಸೂದು ಉಳೀತು."

ಬೆದರಿಕೆ ಎಂದರೆ ಹಕ್ಕಿ ಓಡಿಸಲು ಹೊಲದಲ್ಲಿ ನಿಲ್ಲಿಸುವ ಬೊಂಬೆ. ದಂಡೆಯಲ್ಲಿದ್ದ ವೈನಿ ಅಂದು ನಕ್ಕ ನಗೆಗೆ ಕುರಿಗಳು ಚದುರಿದವು. ಸ್ವಂತ ಗಂಡನ ದೆಸೆಯಿಂದ ಅವರು ಅಷ್ಟು ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಗುರುಪಾದಣ್ಣ ಮೊಣಕಾಲುದ್ದ ನೀರಿನಲ್ಲಿ ದೋಣಿ ನೂಕುತ್ತ, ಅವಮಾನ ಪಡಬೇಕಾದ ಆ ಹೊತ್ತಿನಲ್ಲಿ, ಹೆಂಡತಿಯ ಕಡೆಗೇ ನೋಡುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ದೋಣಿಯನ್ನು ಕಬ್ಬಿನ ಲಾರಿಯ ಮೇಲೆ ಮಲಗಿಸಿ ಕಾರವಾರಕ್ಕೆ ಸಾಗಿಸಲಾಯಿತು. ಅಲ್ಲಿಂದ ದಂಡೆ ಬಿಡದೆ ದಕ್ಷಿಣಕ್ಕೆ. ದೋಣಿ ಎಷ್ಟು ದಂಡೆಗೆ ಅಂಟಿಕೊಂಡು ಸಾಗಿತ್ತೆಂದರೆ, ನಾಯಿಗಳು ಉಸುಕಿನ ಮೇಲೆ ಜೊತೆಗೇ ಓಡಿ ಬರುತ್ತಿದ್ದವಂತೆ. ವೈನಿ ಕಟಕ ರೊಟ್ಟಿ, ಶೇಂಗಾಚಟ್ನಿ, ಗುರೆಳ್ಳು ಪುಡಿಗಳಿಂದ ದೋಣಿ ತುಂಬಿಸಿದ್ದರು. ಗುರುಪಾದಣ್ಣ ದಿನಾ ಸಂಜೆ ಫೋನಿನಲ್ಲಿ ವರದಿ ಒಪ್ಪಿಸುವರು. ಸಮುದ್ರದ ಬಗ್ಗೆ ಅವರ ಅಭಿಪ್ರಾಯ ಅಷ್ಟು ಒಳ್ಳೆಯದಿರಲಿಲ್ಲ: "ನೀರು ಭಾಳ ಐತಿ ಮಾಸ್ತರ, ಆದ್ರ ಶಿಸ್ತಿಲ್ಲ. ಮುಂಜಾನೆ ಒಂದು ಲೆವಲ್, ಸಂಜೀಕ ಒಂದು ಲೆವಲ್. ಕೇಳವರ ಇಲ್ಲ."

ಆಮೇಲೆ ಒಂದು ದಿನ ಹಗಲು ಹೊತ್ತಿನಲ್ಲೇ ಫೋನು ಬಂತು. ಕುಮಟಾ ಮುಟ್ಟುವ ಮೊದಲೇ, ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ, ಬೆಳಗಿನ ಜಾವ ತುಂಬಿದ ನೀರು ಕಂಡು ಲಂಗರು ಹಾಕಿದ್ದಾರೆ. ರೊಟ್ಟಿ ತಿಂದು, ಹಾಯಿಯ ನೆರಳಿನಲ್ಲಿ ಇಬ್ಬರೂ ತುಸು ಕಣ್ಣು ಮುಚ್ಚಿದ್ದಾರೆ. ಕಣ್ಣು ತೆರೆದರೆ ನೀರೇ ಇಲ್ಲ. ಕಣ್ಣು ಹಾಯುವವರೆಗೆ ರಾಡಿ. ದೋಣಿ ಒಂದು ಮಗ್ಗಲಿಗೆ ಒರಗಿ ಮಲಗಿಬಿಟ್ಟಿದೆ.

"ಮಾಸ್ತರ! ಇಲ್ಲಿ ಯಾವ ಸಬ್‌ಡಿವಿಜನ್ ಬರತೈತಿ, ಲಗೂನ ನೋಡಿ ಹೇಳು! ಯಾರೋ ಹೇಳದ ಕೇಳದ ಗೇಟ್ ಹಾಕ್ಯಾರ!"

"ಅಣ್ಣಾರ, ಅದು ಗೇಟ್ ಅಲ್ರೀ, ಇಳಿತ. ಚಂದ್ರನ ಆಕರ್ಷಣಿಯಿಂದ..."

"ಏ, ಸಾಲಿ ಮಕ್ಕಳಿಗೆ ಹೇಳಿದಂಗ ಹೇಳಬ್ಯಾಡ. ಇಷ್ಟ ನೀರು ಚಂದ್ರ ಒಯ್ದು ಎಲ್ಲಿ ಇಟಗೋತಾನ? ಇದರ ಹಿಂದ ಯಾರೋ ಅದಾರ!" ಅಷ್ಟರಲ್ಲಿ ದನಿ ಇಳಿಯಿತು. "ಮಾಸ್ತರ, ಅಕಿ ಚೀಲಾ ತಗೊಂಡು ಇಳದ್ಲು. ರೋಡಿನ ಕಡೆ ಹೊಂಟಾಳ."

ಫೋನು ಕಟ್ಟಾಯಿತು. ನಾನು ಪಡಸಾಲೆಯಲ್ಲಿ ಕೂತು ಮನಸಾರೆ ನಕ್ಕೆ. ನಗು ಮುಗಿದ ಮೇಲೆ ಯಾಕೋ ಮುಧೋಳಕ್ಕೆ ಕುಮಟಾದಿಂದ ನೇರ ಬಸ್ಸಿದೆಯೇ ಎಂದು ಯೋಚಿಸತೊಡಗಿದೆ.

ಮುಂದಿನದನ್ನು ವೈನಿಯೇ ನಮಗೆ ಹೇಳಿದ್ದು, ಸೆರಗು ಬಾಯಿಗೆ ಒತ್ತಿಕೊಂಡು, ಗಂಡ ಕೇಳಿಸಿಕೊಳ್ಳದಂತೆ. "ಸಿಟ್ಟು ಬಂದಿತ್ತರೀ ಖರೇನ. ರಾಡ್ಯಾಗ ಮೊಣಕಾಲತನಕ ಹುಗದೇನಿ, ಹಂಗ ಹೊಂಟೇನಿ. ನಡುವ ಹೆಣ್ಣಮಕ್ಕಳು ಕುಂತು ಚಿಪ್ಪಿ ಆರಸಾಕತ್ತಿದ್ರು. ನನ್ನ ನೋಡಿ ಒಬ್ಬಾಕಿ ಕೈ ಹಿಡದು ಎತ್ತಿದ್ಲು. ರೊಟ್ಟಿ ಕೊಟ್ಟೆ, ಎಳನೀರು ಕೊಟ್ರು. ನೀರು ಎಲ್ಲಿ ಹೋತವ್ವಾ ಅಂತ ಕೇಳಿದ್ರ ಬಿದ್ದು ಬಿದ್ದು ನಕ್ರು. ದಿನಾ ಹೋಗತೈತಂತ, ದಿನಾ ಬರತೈತಂತ! ಸಂಜೀ ಚಹಾದ ಹೊತ್ತಿಗೆ ದೋಣಿ ತಾನ ತೇಲತೈತಿ ಅಂದ್ರು. ಹೊಳ್ಳಿ ನೋಡತೇನಿ, ಇವರು ಆ ಕಿತ್ತಳಿ ಜಾಕೀಟ ಹಾಕ್ಕೊಂಡು, ಅದರ ಸೀಟಿ ಊದಕೋತ, ರಾಡ್ಯಾಗ ಗೇಟ್ ಹುಡುಕಾಕತ್ತಾರ! ಅದನ್ನ ನೋಡಿ ನನಗ ಮುಂದ ಕಾಲ ಬರಲಿಲ್ಲರಿ ಮಾಸ್ತರ್ರ. ಇಂಥಾ ಮನಷ್ಯಾನ್ನ ಬಿಟ್ಟು ಹೋದ್ರ ನಾಳೆ ಸಮುದ್ರದ ಮ್ಯಾಲ ಅರ್ಜಿ ಬರೀತಾನ."

ಅವರು ಚೀಲ ಹೊತ್ತು ತಿರುಗಿ ದೋಣಿಗೆ ಬಂದರು. ಬಂದು ಗಂಡನಿಗೆ ಸರಕಾರಿ ಗಾಂಭೀರ್ಯದಿಂದ ಹೇಳಿದರು: "ಸುಮ್ಮನ ಕುಂದರ್ರಿ. ಗೇಟಿನವರ ಕೂಡ ಮಾತಾಡಿ ಬಂದೇನಿ. ಚಹಾದ ಹೊತ್ತಿಗೆ ಬಿಡ್ತಾರಂತ."

ಚಹಾದ ಹೊತ್ತಿಗೆ ಬಿಟ್ಟರು.

ಹೊನ್ನಾವರದವರೆಗೂ ಹೋಗಿ ಅವರಿಬ್ಬರೂ ಕಪ್ಪಾಗಿ, ಸಪೂರಾಗಿ, ಒಟ್ಟಿಗೇ ತಿರುಗಿ ಬಂದರು. ಆಮೇಲೆ ಗುರುಪಾದಣ್ಣ ಹೋದ ಮದುವೆ, ಸೀಮಂತ, ಗೃಹಪ್ರವೇಶಗಳಲ್ಲೆಲ್ಲ ಒಂದೇ ಪುರಾಣ: "ನಾ ಇಷ್ಟ ವರ್ಷ ನೌಕರಿ ಮಾಡಿ ಒಂದು ತೂಬು ಬಿಡಸಾಕ ಮ್ಯಾಲಿನವರ ಕಾಲು ಹಿಡೀಬೇಕಿತ್ತು. ನಮ್ಮ ನೀಲಾ ಒಂದ ಮಾತಿಗೆ ಸಮುದ್ರದ ಗೇಟ್ ಬಿಡಸಿದ್ಲು ನೋಡ್ರಿ!" ಜನ ಅವರೆದುರು ಹೌದೆಂದು ತಲೆಯಾಡಿಸಿ ಹಿಂದೆ ಹೊಟ್ಟೆ ಹಿಡಿದುಕೊಂಡು ನಗುವರು. ಸಾವಳಗಿಯಲ್ಲಿ ಒಬ್ಬ ಬೀಗರು ತಮ್ಮ ಹೊಲದ ಕಾಲುವೆಗೂ ವೈನಿಯಿಂದ ಒಂದು ಮಾತು ಹೇಳಿಸಿರೆಂದು ಕೇಳಿಕೊಂಡರು. ನಾನಂತೂ ಈ ಪುರಾಣವನ್ನು ಊರಲ್ಲೆಲ್ಲ ಹಂಚಿ ಪುಣ್ಯ ಕಟ್ಟಿಕೊಂಡೆ. ವೈನಿ ಮಾತ್ರ ಮುಧೋಳದ ಬಸ್ಸು ಹತ್ತುವುದನ್ನು ಬಿಟ್ಟರು. ಬದಲಿಗೆ ಅಕ್ಕನೇ ಆ ಬಸ್ಸಿನಲ್ಲಿ ಬರತೊಡಗಿದರು, ಗಂಡನನ್ನು ಆಡಿಕೊಂಡು ನಗುವುದಕ್ಕೆ ಜೊತೆ ಬೇಕಲ್ಲ.

ಕಳೆದ ವರ್ಷ ಗುರುಪಾದಣ್ಣ ಹಾಸಿಗೆ ಹಿಡಿದರು. ಕೊನೆಯ ಸಲ ಮಾತಾಡಿಸಲು ಹೋದಾಗ ವೈನಿ ಒಳಗೆ ಚಹಾಕ್ಕಿಟ್ಟಿದ್ದರು. ಗೂಟಕ್ಕೆ ಆ ಜಾಕೆಟ್ ತೂಗುತ್ತಿತ್ತು. ಗುರುಪಾದಣ್ಣ ಬೆರಳಿನಿಂದ ಹತ್ತಿರ ಕರೆದರು.

"ಮಾಸ್ತರ, ನೀ ಹೇಳಿದ್ದ ಖರೆ. ಚಂದ್ರಂದ ಕೆಲಸ ಅದು."

"ಯಾವಾಗ ಗೊತ್ತಾತ್ರೀ?"

"ಅವತ್ತು ನಿನ್ನ ಫೋನ್ ಕಟ್ ಆತಲ್ಲ, ಆಗ. ಸೀಟಿ ಊದಿ ಊದಿ ಸಾಕಾಗಿ ನಿಂತೆ. ನಿಂತಲ್ಲೇ ಕಾಲಾಗ ನೀರು ತುಸು ತುಸು ಹೊಳ್ಳಿ ಬರಾಕತ್ತಿತ್ತು, ಸಮುದ್ರದ ಕಡಿಂದ. ಕೆಳಗಿಂದ ಮ್ಯಾಲಕ್ಕ! ಅದಕ್ಕ ಎಂಥಾ ಗೇಟ್? ಸಾಲ್ಯಾಗ ಓದಿದ್ದು ನೆನಪಾತು." ಉಸಿರು ಎಳೆದುಕೊಂಡರು. "ಅಷ್ಟರಾಗ ಅಕಿ ಬಂದ್ಲು. ಗೇಟ್ ಬಿಡಸೇನಿ ಅಂದ್ಲು. ಬಸ್ ಬಿಟ್ಟು, ಅಷ್ಟ ರಾಡಿ ತುಳದು, ನನಗೊಂದು ಸುಳ್ಳು ಹೇಳಾಕ ಹೊಳ್ಳಿ ಬಂದಾಕಿ ಮುಂದ ನಾ ಭೂಗೋಳ ಹೇಳಲೇನು?"

ಇದು ನಿಜವೋ, ಹೋಗುವ ಮುನ್ನ ಮರ್ಯಾದೆ ಉಳಿಸಿಕೊಳ್ಳಲು ಎಂಜಿನಿಯರ್ ಹೂಡಿದ ಕೊನೆಯ ಯೋಜನೆಯೋ, ನನಗೆ ಇವತ್ತಿಗೂ ಖಾತ್ರಿಯಿಲ್ಲ. "ಅಕಿಗೆ ಹೇಳಬ್ಯಾಡ," ಎಂದರು. ಚಹಾ ಬಂತು.

ಮೊನ್ನೆ ಅವರ ಮಾಳಿಗೆಯ ಮೇಲೆ ಹೋಗಿದ್ದೆ. ಕೆಂಪು ದಡಿಯ ಹಾಯಿ ಹಾಸಿ ವೈನಿ ಶ್ಯಾವಿಗೆ ಒಣಹಾಕಿದ್ದರು. ಸೆರಗಿನ ತುದಿ ಮಾತ್ರ ಮಡಿಚಿ ಬದಿಗಿಟ್ಟಿದ್ದರು.

"ಮಾಸ್ತರ್ರ, ಕಡೀತನಕ ಗೇಟ್ ಅಂತನ ನಂಬಿದ್ರು ನೋಡ್ರಿ," ಎಂದರು. "ಇಷ್ಟ ಓದಿದ ಮನಷ್ಯಾ. ಎಂಥಾ ಮಳ್ಳ ಇದ್ರು."

ಗುರುಪಾದಣ್ಣನ ವಿಷಯದಲ್ಲಿ ಬಾಯಿಗೆ ಬಂದ ಮಾತನ್ನು ನಾನು ಅದುವರೆಗೆ ಎಂದೂ ನುಂಗಿದವನಲ್ಲ. "ಹೌದ್ರಿ ವೈನಿ," ಎಂದೆ. "ಶುದ್ಧ ಮಳ್ಳ."

ಕೆಳಗೆ ಅಂಗಳದಲ್ಲಿ ನಳ ಬುಸುಗುಟ್ಟಿತು, ಎರಡು ಸಲ ಕೆಮ್ಮಿತು. ವೈನಿ ಮೊಣಕಾಲ ಮೇಲೆ ಕೈಯೂರಿ ಎದ್ದು, ಮೆಟ್ಟಿಲ ಕಡೆ ಹೊರಟವರು, ತಮಗೇ ಎಂಬಂತೆ ಹೇಳಿದರು:

"ಗೇಟ್ ಬಿಟ್ರು ಕಾಣತೈತಿ."