ಒಂದು ಹನಿಯೂ ಸೋಕದ ಕೈ

ಆಟಿ ತಿಂಗಳ ಮಳೆಯಲ್ಲಿ ಕೈ ಒದ್ದೆಯಾಗಬಾರದು ಎಂದು ಹೇಳುವುದು ಬಲು ಸುಲಭ. ಹೇಳುವವರಿಗೇನು, ಫ್ಯಾನಿನ ಕೆಳಗೆ ಕೂತು ಹೇಳುತ್ತಾರೆ. ನಡೆಯಬೇಕಾದವಳು ಗುಣವತಿ.

ನಿಟ್ಟೆಯಿಂದ ಒಳಗೆ, ಗದ್ದೆಯ ಹುಣಿಯ ಮೇಲೆ ನಡೆದೇ ಹೋಗಬೇಕಾದ ಮನೆ ಅವಳದು. ಗಂಡ ತೀರಿಹೋದ ಮೇಲೆ ಅವಳೂ ಅವಳ ಮುದಿ ಅತ್ತೆಯೂ ಗಂಜಿ ಉಣ್ಣುತ್ತಿದ್ದುದು ಅವಳು ಕಟ್ಟುವ ಬೀಡಿಯಿಂದ. ೧೯೮೩ರ ಮಳೆಗಾಲದಲ್ಲಿ ಹಲಸಿನಕಾಯಿ ಹೆಚ್ಚುವಾಗ ಎಣ್ಣೆ ಹಚ್ಚಿದ ಕೈ ಜಾರಿ ಮೆಟ್ಟುಕತ್ತಿಯ ಮೇಲೆ ಬಿತ್ತು. ಬಲಗೈಯ ಎರಡು ಬೆರಳು ತೊಗಲಿನಲ್ಲಿ ನೇತಾಡಿದವು. ಉಡುಪಿಯ ಡಾಕ್ಟರರು ಹೇಗೋ ಹೊಲಿದು ಸೇರಿಸಿದರು. "ಒಂದು ಹನಿ ನೀರು ತಾಗಬಾರದು. ತಾಗಿ ಕೀವಾದರೆ ಬೆರಳು ತೆಗೆಯಬೇಕಾಗ್ತದೆ" ಎಂದರು. ಗಾಯಕ್ಕೆ ಸುತ್ತಿದ ಬಟ್ಟೆ ಬದಲಿಸಲು ಮತ್ತೆ ಮತ್ತೆ ಬರಬೇಕು ಎಂದೂ ಹೇಳಿದರು.

ಬರಬೇಕಂತೆ! ಹೇಗೆ ಬರುವುದು? ಮೊದಲ ಸಲ ಕೊಡೆ ಹಿಡಿದಳು. ಗಾಳಿಗೆ ಅದು ಮಗುಚಿ ಕಡ್ಡಿ ಮುರಿಯಿತು. ಬಾಳೆಲೆ ಸುತ್ತಿದಳು, ಬಸ್ಸು ಹತ್ತುವ ಮೊದಲೇ ಸೀಳಿತು. ಆ ದಿನ ಗಾಯದ ಬಟ್ಟೆ ಒದ್ದೆಯಾಗಿ ಡಾಕ್ಟರರು ಸಿಡುಕಿದರು, ನಾಳೆಯೇ ಮತ್ತೆ ಬಾ ಎಂದರು. ಮನೆಗೆ ಬಂದವಳು ಚಾವಡಿಯಲ್ಲಿ ಕೂತು ಗೊಳೋ ಎಂದು ಅತ್ತಳು.

"ಅಳ್ಬೇಡ ಮಾರಾಯ್ತಿ" ಎಂದಳು ನೆರೆಮನೆಯ ಪ್ರಫುಲ್ಲಾ. ಅವಳೂ ಬೀಡಿ ಕಟ್ಟುವವಳೇ, ಗುಣವತಿಗಿಂತ ಹಿರಿಯಳು. "ಗೊಬ್ಬರದ ಗೋಣಿಯ ಒಳಗೆ ಪ್ಲಾಸ್ಟಿಕ್ ಉಂಟಲ್ಲ, ಅದನ್ನು ತೊಳೆದು ಒಲೆಯ ಹತ್ತಿರ ಒಣಗಿಸುವ. ಹಗುರ, ಪುಕ್ಕಟೆ. ಮತ್ತೆಂತ ಬೇಕು?"

ಮರುದಿನ ಬೆಳಿಗ್ಗೆ ಪ್ರಫುಲ್ಲಾ ಆ ಪ್ಲಾಸ್ಟಿಕ್ಕನ್ನು ಮೊಣಕೈವರೆಗೆ ಚೀಲದಂತೆ ತೊಡಿಸಿದಳು. ಬಾಯಿ ಕಟ್ಟಲು ಎಂತ ಮಾಡುವುದು? ಕೈಗೆ ಸಿಕ್ಕಿದ್ದು ಬೀಡಿಯ ನೂಲು. ಸುತ್ತಿ ಸುತ್ತಿ ಎಳೆದು ಗಂಟು ಹಾಕಿದಳು. ಬೀಡಿ ಕಟ್ಟುವವರಿಗೆ ಸಡಿಲ ಗಂಟೆಂದರೆ ಮೈ ಉರಿಯುತ್ತದೆ. ಸಡಿಲ ಬೀಡಿಯನ್ನು, ಕಟ್ಟಿದ್ದನ್ನು ಒಪ್ಪಿಸುವ ಬ್ರಾಂಚಿನಲ್ಲಿ ಮುರಿದು ಎಸೆಯುತ್ತಾರೆ.

"ಬಿಗಿ ಆಯ್ತಾ?"

"ಇನ್ನೂ ಸ್ವಲ್ಪ ಎಳೀರಿ ಪ್ರಫುಲ್ಲಕ್ಕ. ನೀರು ಹೋದ್ರೆ ನನ್ನ ಕತೆ ಮುಗೀತು."

ಪ್ರಫುಲ್ಲಾ ಇನ್ನೊಂದು ಸುತ್ತು ಬಿಗಿದಳು.

ಮರ ಬಿದ್ದು ರಸ್ತೆ ಕಟ್ಟಿ ಹೋಗಿತ್ತು, ಬಸ್ಸಿಲ್ಲ. ಇಬ್ಬರೂ ಕಾರ್ಕಳದವರೆಗೆ ನಡೆದೇ ಹೊರಟರು. ಮಳೆ ಎಂದರೆ ಎಂಥ ಮಳೆ! ಎದುರಿನ ಮನುಷ್ಯ ಕಾಣದಷ್ಟು. ಸೀರೆ ಕಾಲಿಗೆ ಸುತ್ತಿಕೊಂಡಿತು, ಮೈ ಗಡಗಡ ನಡುಗಿತು. ಗುಣವತಿ ಮಾತ್ರ ಶಾಲೆಯಲ್ಲಿ ಉತ್ತರ ಹೇಳುವ ಮಗುವಿನಂತೆ ಬಲಗೈ ಎತ್ತಿಕೊಂಡೇ ನಡೆದಳು. ಮೊದಮೊದಲು ಕೈ ತಡೆಯಲಾರದಷ್ಟು ಸೆಳೆಯಿತು. ಹಲ್ಲು ಕಚ್ಚಿಕೊಂಡಳು. ಕಾರ್ಕಳ ಹತ್ತಿರವಾಗುವಾಗ ಅವಳ ಮುಖ ಅರಳಿತು.

"ಅಕ್ಕಾ, ನೋವೇ ಇಲ್ಲ! ಕೈ ಉಂಟೋ ಇಲ್ಲವೋ ಅಂತ ಗೊತ್ತಾಗ್ತಿಲ್ಲ."

"ನಾನು ಹೇಳ್ಲಿಲ್ವಾ? ಗಾಯ ಮಾಯ್ತಾ ಉಂಟು" ಎಂದಳು ಪ್ರಫುಲ್ಲಾ. ಪಾಪ, ಇಬ್ಬರಿಗೂ ಎಷ್ಟು ಸಂತೋಷ.

ಉಡುಪಿಯ ಬಸ್ಸು ಸಿಕ್ಕಿತು. ನೂಲು ಬಿಚ್ಚಿದರೆ ಇಳಿದ ಮೇಲೆ ಮತ್ತೆ ಕಟ್ಟಬೇಕಲ್ಲ ಎಂದು ಹಾಗೆಯೇ ಬಿಟ್ಟರು. ಡಾಕ್ಟರರ ಶಾಪಿನಲ್ಲಿ ರೋಗಿಗಳ ಸಾಲು ಬಾಗಿಲ ತನಕ ಇತ್ತು. ಸರದಿ ಬರುವಾಗ ಮಧ್ಯಾಹ್ನದ ಊಟದ ಹೊತ್ತು ದಾಟಿತ್ತು.

ನರ್ಸ್ ಮ್ಯಾಗ್ಡಲಿನ್ ಪ್ಲಾಸ್ಟಿಕ್ ಮುಟ್ಟಿದವಳೇ ಬೆಚ್ಚಿದಳು. "ಯೇಸುವೇ! ಯಾರು ಹೀಗೆ ಕಟ್ಟಿದ್ದು?" ನೂಲು ತೊಗಲಿನೊಳಗೆ ಹೂತಿತ್ತು; ಕತ್ತರಿಯ ತುದಿ ತೂರಿಸಲೂ ಜಾಗವಿರಲಿಲ್ಲ. ಕೈ ಊದಿ ನೀಲಿಗಟ್ಟಿತ್ತು. ಡಾಕ್ಟರರು ಓಡಿ ಬಂದು ಉಜ್ಜಿದರು, ಸೂಜಿ ಚುಚ್ಚಿ ನೋಡಿದರು. ಬಹಳ ಹೊತ್ತಿನ ಮೇಲೆ ಅಂಗೈಗೆ ಬಣ್ಣ ಬಂತು. ಹೊಲಿದ ಬೆರಳೆರಡಕ್ಕೆ ಬರಲಿಲ್ಲ.

"ಕಟ್ಟು ಬಿಗಿಯಾಗಿ ಬೆರಳಿಗೆ ರಕ್ತ ಹೋಗ್ಲಿಲ್ಲಮ್ಮ. ತೆಗೆಯಲೇಬೇಕು."

ಪ್ರಫುಲ್ಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗುಣವತಿ ಅಳಲಿಲ್ಲ. ಬಿಚ್ಚಿ ಇಟ್ಟಿದ್ದ ಗಾಯದ ಬಟ್ಟೆಯನ್ನು ಎಡಗೈಯಲ್ಲಿ ಎತ್ತಿ ಕೆನ್ನೆಗೆ ಒತ್ತಿ ನೋಡಿದಳು, ಆಮೇಲೆ ಡಾಕ್ಟರರ ಮುಂದೆ ಹಿಡಿದಳು.

"ನೀವೇ ಮುಟ್ಟಿ ನೋಡಿ ಡಾಕ್ಟ್ರೇ, ಒಂದು ಹನಿ ತಾಗ್ಲಿಲ್ಲ. ಮತ್ತೆ ಯಾಕೆ ತೆಗೀತೀರಿ?"