ಜರಡಿಯ ಬಳೆಯಲ್ಲಿ ಕೂಡಿದ ಸುಳಿಗಳು

ನಿಜಾಮರ ಆಳ್ವಿಕೆ ಮುಗಿದಿತ್ತು, ಮಹಾರಾಷ್ಟ್ರ ಇನ್ನೂ ಹುಟ್ಟಿರಲಿಲ್ಲ. ಆ ನಡುಗಾಲದಲ್ಲಿ, ಈಗ ಮಹಾರಾಷ್ಟ್ರಕ್ಕೆ ಸೇರಿರುವ ಮುರುಮ ಊರಿನ ನಮ್ಮ ಮನೆಯಲ್ಲಿ ಒಂದೇ ಜಗಳ: ಮೆಟ್ರಿಕ್ ಮುಗಿಸಿದ ನಾನು ವಿಜ್ಞಾನ ಓದಲು ಹೈದರಾಬಾದಿಗೆ ಹೋಗಬೇಕೋ ಬೇಡವೋ. ಅಪ್ಪನದು ಕಬ್ಬಿನ ಹೊಲ, ಬೆಲ್ಲದ ಗಾಣ. ಕಣ್ಣಾರೆ ಕಂಡದ್ದನ್ನಷ್ಟೇ ನಂಬುವ ಮನುಷ್ಯ. ಹಟದಲ್ಲಿ ನಾನು ಅವರಿಗಿಂತ ಒಂದು ಕೈ ಮೇಲು.

ಕಡಾಯಿಯ ರಸವನ್ನು ಅಪ್ಪ ಮರದ ಹುಟ್ಟಿನಿಂದ ತಿರುವಿದರೆ ದೊಡ್ಡ ಸುಳಿ ಏಳುತ್ತಿತ್ತು. ಅದು ಒಡೆದು ಸಣ್ಣವಾಗಿ, ಸಣ್ಣವು ಇನ್ನೂ ಸಣ್ಣವಾಗಿ ಕರಗಿಹೋಗುತ್ತಿದ್ದವು. ಆದರೆ ಜಾಲರಿ ಹರಿದುಹೋದ ಜರಡಿಯನ್ನು ಅಂಟುವಾಳದ ನೊರೆಯಲ್ಲಿ ತೊಳೆಯುವಾಗ ನಾನು ಕಂಡದ್ದೇ ಬೇರೆ. ಉಳಿದ ದುಂಡನೆಯ ಬಳೆಗೆ ಕಟ್ಟಿದ ನೊರೆಯ ತೆಳು ಪೊರೆಯಲ್ಲಿ ಸಣ್ಣ ಸುಳಿಗಳು ಕೂಡಿ ದೊಡ್ಡವಾಗುತ್ತಿದ್ದವು.

ಹೇಳಿದರೆ ಅಪ್ಪ ನಕ್ಕುಬಿಟ್ಟರು. "ನೀರಂದ್ರ ನೀರೇ. ಹಂಗ ಕೂಡೋದು ನನಗ ತೋರಸು, ಹೈದರಾಬಾದಿಗಿ ಕಳಸ್ತೀನಿ. ಇಲ್ಲಂದ್ರ ಸುಮ್ಮ ಲಗ್ನಾ ಮಾಡ್ಕೋ."

ಅವಸರದಲ್ಲಿ ಎಡವಿದೆ. ಅಗಲವಾದ ಪರಾತದ ತಟ್ಟೆಯಲ್ಲಿ ತೆಳ್ಳಗೆ ನೀರು ಸುರಿದು, ಸುಳಿ ಕಾಣಲೆಂದು ದೇವರ ಜಗಲಿಯ ವಿಭೂತಿ ಉದುರಿಸಿ ಬೆರಳಾಡಿಸಿದೆ. ಪರಾತದ ತಳ ನೀರನ್ನು ಹಿಡಿದೆಳೆದು ಸುಳಿಗಳು ಅಲ್ಲೇ ಸತ್ತವು.

"ಹಣಿಗಿ ಹಚ್ಚೋ ವಿಭೂತಿ ಪರಾತಕ್ಕ ಹಚ್ಚಿದ್ಯಾ?" ಎಂದು ಅವ್ವ ತಲೆಗೆ ಮೊಟಕಿದಳು. ಅಪ್ಪ ಔರಾದದ ವರನ ಮಾತು ತೆಗೆದರು. ನನಗೆ ಅಳು ಬಂತು. ಸಿಟ್ಟು ಅದಕ್ಕಿಂತ ಹೆಚ್ಚು ಬಂತು.

ಮರುದಿನ ಬೆಳಿಗ್ಗೆ ಪರಾತ ಮೂಲೆಗೆಸೆದು ಅದೇ ಜರಡಿಯ ಬಳೆ ತಂದೆ. ಪೊರೆ ಬಾಳಲೆಂದು ಅಂಟುವಾಳದ ನೀರಿಗೆ ಒಂದಿಷ್ಟು ಕಬ್ಬಿನ ರಸ ಬೆರೆಸಿದೆ. ಅಪ್ಪನನ್ನು ಕರೆದು, ಬಳೆಯನ್ನು ಅದ್ದಿ ಬಿಸಿಲಿಗೆ ಹಿಡಿದು, ಅವ್ವನ ಬಾಚಣಿಗೆಯನ್ನು ಒದ್ದೆ ಮಾಡಿ ಪೊರೆಯ ಉದ್ದಕ್ಕೂ ಎಳೆದೆ. ಹಲ್ಲುಗಳ ಹಿಂದೆ ಬಣ್ಣಬಣ್ಣದ ಪುಟ್ಟ ಸುಳಿಗಳೆದ್ದವು. ಒಂದೇ ಕಡೆ ತಿರುಗುವವು ಒಂದನ್ನೊಂದು ಸುತ್ತಿ, ನುಂಗಿ, ಅಂಗೈಯಗಲ ಬೆಳೆದವು!

ಅಪ್ಪ ಕುಕ್ಕರಗಾಲಲ್ಲಿ ಕೂತರು. "ಹಿಂಗ್ಯಾಕ?"

"ಕಡಾಯ್ದಾಗ ಸುಳಿಗಿ ಆಳ ಅದ. ಮ್ಯಾಲ-ಕೆಳಗ ಎಳದು, ಹಗ್ಗ ಹೊಸದಂಗ ತೆಳ್ಳಗಾಗಿ ಹರದು ಹೋಗ್ತದ. ಇಲ್ಲಿ ಆ ಜಾಗಾನೇ ಇಲ್ರಿ ಅಪ್ಪಾ. ಬಾಜೂದ ಸುಳಿ ಜೋಡಿ ಕೂಡಬೇಕು, ಅಷ್ಟೇ."

ಅವರು ಬಾಚಣಿಗೆ ಕಸಿದುಕೊಂಡು ತಾವೇ ಎಳೆದರು. ಮತ್ತೆ ಎಳೆದರು. ಪೊರೆ ಒಡೆದು ಮುಖಕ್ಕೆ ಸಿಡಿದರೂ ಒರೆಸಿಕೊಳ್ಳಲಿಲ್ಲ. "ಏ, ನಿನ್ನ ಮಗಳು ಗೆದ್ದಾಳ!" ಎಂದು ಅವ್ವನಿಗೆ ಕೂಗಿದರು. ಓಣಿಗೆಲ್ಲ ಕೇಳಿಸಿರಬೇಕು. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಹೊರಡುವ ದಿನ ಟ್ರಂಕು ತುಂಬುವಾಗ ಸೀರೆಗಳ ಮೇಲೆ ಅಪ್ಪ ಆ ಜರಡಿಯ ಬಳೆಯನ್ನೂ ಇಟ್ಟರು. "ಅಲ್ಲಿ ಮಂದಿ ನಂಬಲಿಲ್ಲಂದ್ರ, ತೋರಸು."